ಹಳೇ ಗಾಡಿಗೊಂದು ಚಾರ್ಜಿಂಗ್ ಪಾಯಿಂಟ್

ಗಾಡಿ ಹೊರಗೆ ತೆಗೆಯದೆ ಹದಿನೆಂಟು ದಿನ ಆಗಿತ್ತು. 2019ರ ಜುಲೈ ಕೊನೆ. ನಮ್ಮ ಕೊಡಗಿನಲ್ಲಿ ಕಕ್ಕಡ ಅಂದರೆ ಜಡಿಮಳೆಯ ತಿಂಗಳು, ಬೆಳಿಗ್ಗೆಯೋ ಸಂಜೆಯೋ ಗಡಿಯಾರ ನೋಡಿಯೇ ಹೇಳಬೇಕು. ಅವತ್ತು ಮಳೆ ಒಂದು ಗಂಟೆ ಬಿಡುವು ಕೊಟ್ಟ ಹಾಗೆ ಕಂಡಿತು. ಮೂರ್ನಾಡಿಗೆ ಹೋಗಿ ಅಮ್ಮನ ಬಿಪಿ ಮಾತ್ರೆ ತರೋಣ ಅಂತ ಶೆಡ್ಡಿಗೆ ಹೋದೆ. ಟಾರ್ಪಾಲು ಎತ್ತಿದೆ, ಕೀ ತಿರುಗಿಸಿದೆ. ನ್ಯೂಟ್ರಲ್ ದೀಪ ಬೂದಿ ಮುಚ್ಚಿದ ಕೆಂಡದ ಹಾಗೆ ಒಮ್ಮೆ ಮಿನುಗಿ ಆರಿತು. ಸ್ಟಾರ್ಟರ್ ಒತ್ತಿದರೆ 'ಟಕ್' ಅನ್ನುವ ಸದ್ದೂ ಇಲ್ಲ. ಕಿಕ್ ಹೊಡೆದೆ, ಹೊಡೆದೆ. ರೈನ್‌ಕೋಟಿನ ಒಳಗೆ ಬೆವರು ಇಳಿಯಿತು. ಗಾಡಿ ಕೆಮ್ಮಲೂ ಇಲ್ಲ.

ಆಗ ಹ್ಯಾಂಡಲ್ ಕಡೆ ಕಣ್ಣು ಹೋಯಿತು. ಮೂರು ತಿಂಗಳ ಹಿಂದೆ ಹಾಕಿಸಿದ ಚಾರ್ಜಿಂಗ್ ಸಾಕೆಟ್. ಅದರ ಪಕ್ಕದಲ್ಲೇ ಒಂದು ಪುಟ್ಟ ವೋಲ್ಟ್ ಮೀಟರ್. ನೀಲಿ ಅಂಕಿಯಲ್ಲಿ 7.9 ಎಂದು ತೋರಿಸುತ್ತಿತ್ತು. ಇಡೀ ಗಾಡಿ ಸತ್ತು ಬಿದ್ದಿದ್ದರೂ ಅದೊಂದು ಎಚ್ಚರವಾಗಿತ್ತು. ಹದಿನೆಂಟು ದಿನ, ಹಗಲೂ ರಾತ್ರಿ, ಟಾರ್ಪಾಲಿನ ಕತ್ತಲಲ್ಲಿ ಯಾರೂ ನೋಡದ ಅಂಕಿ ತೋರಿಸುತ್ತಾ ಬ್ಯಾಟರಿ ಹೀರುತ್ತಾ ಕೂತಿತ್ತು. ನನಗೆ ಜಿಗಣೆ ನೆನಪಾಯಿತು. ಅದೂ ಹಾಗೇ ಅಲ್ವಾ? ಕಚ್ಚಿದ್ದು ಗೊತ್ತಾಗುವುದಿಲ್ಲ. ಮನೆಗೆ ಬಂದು ಕಾಲು ತೊಳೆಯುವಾಗ ರಕ್ತ ಕಂಡ ಮೇಲೇ ಗೊತ್ತು.

ನನ್ನದು 2010ರ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ ಬೈಕ್, ಟ್ವಿನ್‌ಸ್ಪಾರ್ಕ್ 350. ಕೆಎ-12 ನಂಬರು. 2025ರಲ್ಲಿ 15 ವರ್ಷ ತುಂಬಿತು, ಆರ್‌ಸಿ ಇನ್ನೈದು ವರ್ಷಕ್ಕೆ ರಿನ್ಯೂವಲ್ ಆಯಿತು. ಉದ್ದ ದಾರಿಗೆಂದೇ ಮಾಡಿದ ಗಾಡಿ ಇದು. ಬೆನ್ನು ನೆಟ್ಟಗೆ ಇಟ್ಟು ಕೂತರೆ ಅರವತ್ತರಲ್ಲಿ ಇಡೀ ದಿನ ಹೋಗಬಹುದು. ಆದರೆ ಇದನ್ನು ಮಾಡಿದ ಕಾಲಕ್ಕೆ ಫೋನ್ ಅಂದರೆ ಜೇಬಿನೊಳಗಿನ ವಸ್ತು. ಅದನ್ನು ಹ್ಯಾಂಡಲ್‌ಗೆ ಕಟ್ಟಿಕೊಂಡು, ದಾರಿ ಕೇಳುತ್ತಾ, ಚಾರ್ಜ್ ಇಳಿಯಿತು ಎಂದು ಪರದಾಡುತ್ತಾರೆ ಅಂತ ಯಾರಿಗೆ ಹೊಳೆದಿತ್ತು? ಅದೇ ಕಂಪನಿಯ ಮೀಟಿಯೋರ್ 2020ರಲ್ಲಿ ಬಂದಾಗ ಹ್ಯಾಂಡಲ್ ಹತ್ತಿರವೇ ಯುಎಸ್‌ಬಿ ಇತ್ತು. ನಮ್ಮಂಥ ಹಳೇ ಗಾಡಿಯವರು ಮಾತ್ರ ಕೊರೆದು, ಕತ್ತರಿಸಿ, ಜೋಡಿಸಿಕೊಳ್ಳಬೇಕು.

ನನ್ನ ಮಟ್ಟಿಗೆ ಈ ಕತೆ ಅಪ್ಪನ ಯೆಜ್ಡಿಯಿಂದ ಶುರುವಾಗುತ್ತದೆ. ಪಕ್ಕದ ಮೈಸೂರಿನಲ್ಲೇ ಅದನ್ನು ಮಾಡುವ ಐಡಿಯಲ್ ಜಾವಾ ಫ್ಯಾಕ್ಟರಿ ಇದ್ದ ಕಾಲ. 1961ರಿಂದ 1996ರವರೆಗೆ ಅಲ್ಲಿಂದ ಗಾಡಿಗಳು ಬರುತ್ತಿದ್ದವು. ಕೊಡಗಿನ ತೋಟದ ದಾರಿಗಳಲ್ಲಿ ಆ ಡಬಲ್ ಸೈಲೆನ್ಸರ್ ಸದ್ದು ಕೇಳದ ದಿನ ಇರಲಿಲ್ಲ. ಅಪ್ಪನದು 6 ವೋಲ್ಟಿನ ಗಾಡಿ. ರಾತ್ರಿ ಅದರ ಹೆಡ್‌ಲೈಟ್ ಸೀಮೆಎಣ್ಣೆ ದೀಪಕ್ಕಿಂತ ಸ್ವಲ್ಪ ವಾಸಿ, ಅಷ್ಟೇ. ಎಂಜಿನ್ ನಿಧಾನವಾದರೆ ಬೆಳಕೂ ನಿಧಾನ. ತಿರುವಿನಲ್ಲಿ ರಸ್ತೆ ಕಾಣಬೇಕು ಅಂದರೆ ಕ್ಲಚ್ ಹಿಡಿದು ಆಕ್ಸಿಲೇಟರ್ ತಿರುಪಬೇಕು. ನಾನು ಟ್ಯಾಂಕ್ ಮೇಲೆ ಕೂತಿರುತ್ತಿದ್ದೆ. ಅಪ್ಪ ಗರ್‍ರ್ ಎಂದು ತಿರುಪಿದಾಗ ಕಾಫಿ ಗಿಡಗಳು ಬೆಳಕಿಗೆ ಬರುತ್ತಿದ್ದವು, ಬಿಟ್ಟಾಗ ಮತ್ತೆ ಕತ್ತಲಿಗೆ ಹೋಗುತ್ತಿದ್ದವು. ಗಾಡಿಯಲ್ಲಿ ಕರೆಂಟು ಎಲ್ಲಿಂದಲೋ ಸುಮ್ನೆ ಬರುವುದಿಲ್ಲ, ಎಂಜಿನ್ ದುಡಿದರೆ ಮಾತ್ರ ಬರುತ್ತದೆ ಅಂತ ನನಗೆ ಯಾರೂ ಪಾಠ ಮಾಡಬೇಕಾಗಲಿಲ್ಲ. ಕಣ್ಣಲ್ಲೇ ನೋಡಿದ್ದೆ. ದೊಡ್ಡವನಾದ ಮೇಲೆ ಮರೆತೆ, ಅಷ್ಟೇ.

ಫೋನ್ ವಿಷಯಕ್ಕೆ ಬರೋಣ. ನಮ್ಮ ಜಿಲ್ಲೆಯಲ್ಲಿ ಫೋನಿನ ಚಾರ್ಜ್ ಬಯಲುಸೀಮೆಗಿಂತ ಬೇಗ ಇಳಿಯುತ್ತದೆ. ಇದು ಭ್ರಮೆಯಲ್ಲ. ಟವರ್ ದೂರ ಇದ್ದಷ್ಟೂ ಫೋನ್ ಜೋರಾಗಿ ಕೂಗಬೇಕು. ಸಿಗ್ನಲ್ ಪೂರ್ತಿ ಹೋದರೆ ಹುಡುಕುತ್ತಲೇ ಇರುತ್ತದೆ. ಮಾಕುಟ್ಟ ಘಾಟಿ ಇಳಿಯುವಾಗ, ಭಾಗಮಂಡಲದಿಂದ ತಲಕಾವೇರಿ ಹತ್ತುವಾಗ, ಗಾಳಿಬೀಡಿನ ಆಚೆ, ಕಕ್ಕಬ್ಬೆಯ ಮೇಲೆ, ಎಲ್ಲ ಕಡೆ ಇದೇ ಕತೆ. ಮೇಲೆ ಜಿಪಿಎಸ್ ಬೇರೆ, ಪೂರ್ತಿ ಬೆಳಕಿನ ಸ್ಕ್ರೀನ್ ಬೇರೆ. ಒಮ್ಮೆ ಸಕಲೇಶಪುರ, ಚಿಕ್ಕಮಗಳೂರು ಅಂತ ಆಗುಂಬೆಯವರೆಗೆ ಹೋಗಿದ್ದೆ. ಮನೆಯಿಂದ ನೂರು ಪರ್ಸೆಂಟ್ ಇಟ್ಟುಕೊಂಡು ಹೊರಟವನಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ಹದಿಮೂರು ಉಳಿದಿತ್ತು. ಹೋಟೆಲಿನಲ್ಲಿ ಊಟಕ್ಕಿಂತ ಮೊದಲು ಗೋಡೆ ನೋಡುವ ಚಾಳಿ ಶುರುವಾಗಿದ್ದು ಆಗಲೇ. ಪ್ಲಗ್ ಪಾಯಿಂಟ್ ಇರುವ ಟೇಬಲ್ಲಿಗೆ ಹೋಗಿ ಕೂರುವುದು.

ಆದರೆ ಗಾಡಿಗೆ ಚಾರ್ಜಿಂಗ್ ಪಾಯಿಂಟ್ ಬೇಕು ಅನ್ನಿಸಿದ್ದು ಟೂರಿನಿಂದಲ್ಲ. 2018ರ ಆಗಸ್ಟಿನಿಂದ.

ಆ ಆಗಸ್ಟ್ ಮಧ್ಯದ ದಿನಗಳನ್ನು ಕೊಡಗಿನವರು ಯಾರೂ ಮರೆಯುವುದಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡಗಳೇ ಕೆಳಗೆ ಬಂದವು. ಮಡಿಕೇರಿಯಿಂದ ಸಂಪಾಜೆಗೆ ಹೋಗುವ ಹೈವೇ ತುಂಡಾಯಿತು. ನಮ್ಮ ಮನೆ ಮೂರ್ನಾಡಿನ ಕಡೆ. ನಮಗೆ ಗುಡ್ಡ ಕುಸಿಯಲಿಲ್ಲ, ಆದರೆ ಕರೆಂಟ್ ಹೋಯಿತು. ಒಂದು ದಿನ, ಎರಡು ದಿನ, ಮೂರನೇ ದಿನವೂ ಬರಲಿಲ್ಲ. ಇನ್ವರ್ಟರ್ ಕೂಗಿ ಕೂಗಿ ಸುಮ್ಮನಾಯಿತು. ಫೋನ್‌ಗಳು ಒಂದೊಂದಾಗಿ ಸತ್ತವು. ಟವರ್ ಆಗಾಗ ಬರುತ್ತಿತ್ತು, ಹೋಗುತ್ತಿತ್ತು. ಬಂದಾಗ ಮಾತಾಡಲು ಫೋನಿನಲ್ಲಿ ಜೀವ ಇರಬೇಕಲ್ಲ. ಪಕ್ಕದ ಮನೆಯವರ ಮಗಳನ್ನು ಕೊಟ್ಟಿದ್ದು ಮಾದಾಪುರದ ಕಡೆ. ಆ ತಾಯಿ ಕೈಯಲ್ಲಿ ಸತ್ತ ಫೋನ್ ಹಿಡಿದುಕೊಂಡು ನಮ್ಮ ಜಗಲಿಯಲ್ಲಿ ಕೂತಿದ್ದರು. ಏನೂ ಕೇಳಲಿಲ್ಲ. ಸುಮ್ನೆ ಕೂತಿದ್ದರು.

ಕಾರಿನಲ್ಲಿ ಹಾಕುವ ಚಾರ್ಜರ್ ಒಂದು ಮನೆಯಲ್ಲಿತ್ತು. ಕಾರು ಇರಲಿಲ್ಲ. ಹಳೇ ಟೇಬಲ್ ಫ್ಯಾನಿನ ವೈರ್ ಕತ್ತರಿಸಿ, ಚಾರ್ಜರಿನ ಮೂತಿಗೊಂದು ಪಕ್ಕಕ್ಕೊಂದು ಸುತ್ತಿ, ಟೇಪ್ ಹಾಕಿ, ಗಾಡಿಯ ಬ್ಯಾಟರಿಗೆ ಹಿಡಿದೆ. ಕಿಡಿ ಹಾರಿತು. ಆಮೇಲೆ ಫೋನಿನಲ್ಲಿ ಬ್ಯಾಟರಿ ಚಿತ್ರ ಬಂತು. ಒಂದು ಗಂಟೆ ಬಿಟ್ಟು ಮಾದಾಪುರದ ಕಡೆಗೆ ಲೈನ್ ಸಿಕ್ಕಿತು. ಮಗಳು ಸುಂಟಿಕೊಪ್ಪದಲ್ಲಿ ನೆಂಟರ ಮನೆಯಲ್ಲಿ ಇದ್ದಳು. ಆ ಎರಡು ದಿನದಲ್ಲಿ ನಮ್ಮ ಶೆಡ್ಡಿಗೆ ಎಷ್ಟು ಫೋನ್ ಬಂದವೋ ಲೆಕ್ಕ ಇಡಲಿಲ್ಲ. ನಡುನಡುವೆ ಗಾಡಿ ಸ್ಟಾರ್ಟ್ ಮಾಡಿ ಇಡುತ್ತಿದ್ದೆ. ಯೆಜ್ಡಿಯ ಪಾಠ ಆಗ ನೆನಪಿಗೆ ಬಂದಿತ್ತು.

ಇಷ್ಟಾದ ಮೇಲೆ ಮುಂದಿನ ಬೇಸಿಗೆಯಲ್ಲಿ ಪೇಟೆಯ ಒಂದು ಅಂಗಡಿಗೆ ಹೋಗಿ ಸಾಕೆಟ್ ಹಾಕಿಸಿದೆ. ಇಪ್ಪತ್ತು ನಿಮಿಷದ ಕೆಲಸ. ಎರಡು ಯುಎಸ್‌ಬಿ ಬಾಯಿ, ನೀಲಿ ಮೀಟರ್. "ಡೈರೆಕ್ಟ್ ಬ್ಯಾಟರಿಗೇ ಕೊಟ್ಟಿದ್ದೀನಿ ಸಾರ್, ಕೀ ಇಲ್ಲದೇನೂ ಚಾರ್ಜ್ ಆಗುತ್ತೆ" ಎಂದ ಆ ಹುಡುಗ. ನನಗೂ ಖುಷಿಯೇ. ಆಗಸ್ಟ್ ತಲೆಯಲ್ಲಿ ಇತ್ತಲ್ಲ, ಅದೇ ಬೇಕು ಅನ್ನಿಸಿತ್ತು. ಆದ್ದರಿಂದ ಆ ಹುಡುಗನೊಬ್ಬನ ಮೇಲೆ ತಪ್ಪು ಹಾಕಲಾರೆ. ಕೇಳಿದ್ದು ನಾನು, ಕೊಟ್ಟಿದ್ದು ಅವನು.

ಕಕ್ಕಡದಲ್ಲಿ ಗಾಡಿ ಸತ್ತ ದಿನ ಪಕ್ಕದ ಮನೆಯ ಅಣ್ಣನ ಜೀಪಿನ ಬ್ಯಾಟರಿಯಿಂದ ಎಬ್ಬಿಸಿ, ಮಾತ್ರೆ ತಂದು, ಮಾರನೇ ವಾರ ಗೋಣಿಕೊಪ್ಪಕ್ಕೆ ಹೋದೆ. ಅಲ್ಲಿ ಒಬ್ಬರು ಹಳಬರು ಇದ್ದಾರೆ. ಎಲ್ಲರೂ ವೈರಿಂಗ್ ಅಣ್ಣ ಅಂತಲೇ ಕರೆಯುತ್ತಾರೆ. ಎಸ್ಟೇಟ್ ಜೀಪುಗಳು, ಟ್ರ್ಯಾಕ್ಟರು, ಜಾವಾಗಳ ಮೇಲೆ ಕೈ ಪಳಗಿಸಿದವರು. ಕನ್ನಡಕ ಹಣೆಗೆ ಏರಿಸಿಕೊಂಡೇ ಕೆಲಸ ಮಾಡುತ್ತಾರೆ. ಅದು ಕಣ್ಣಿಗೆ ಇಳಿದಿದ್ದನ್ನು ನಾನು ನೋಡಿಲ್ಲ.

ಸೀಟ್ ಬಿಚ್ಚಿದರು, ಟ್ಯಾಂಕ್ ಎತ್ತಿದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಬೆರಳಲ್ಲಿ ತೋರಿಸಿದರು. ಕೂದಲಿನಂಥ ತೆಳು ವೈರು ಹ್ಯಾಂಡಲ್ ತಿರುಗುವ ಬುಡದ ಹತ್ತಿರ ಹಾದುಹೋಗಿತ್ತು. ಎಡಕ್ಕೆ ಬಲಕ್ಕೆ ತಿರುಗಿಸಿ ತಿರುಗಿಸಿ, ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರ ಕಾಣುತ್ತಿತ್ತು. ಹ್ಯಾಂಡಲ್ ಲಾಕ್ ಮಾಡಿದಾಗಲೆಲ್ಲ ಅದು ಕಬ್ಬಿಣಕ್ಕೆ ಒತ್ತಿಕೊಳ್ಳುತ್ತಿತ್ತು. ಜಾಯಿಂಟ್‌ಗಳಲ್ಲಿ ಬರೀ ತಿರುಚಿ ಟೇಪ್ ಸುತ್ತಿದ್ದು. ಮಳೆಯ ತೇವಕ್ಕೆ ಟೇಪ್ ಹಲಸಿನ ಮೇಣದ ಹಾಗೆ ಜಾರಿ ಬಂದಿತ್ತು. ಫ್ಯೂಸ್ ಇರಲೇ ಇಲ್ಲ.

"ಬ್ಯಾಟರಿ ಸತ್ತಿದ್ದೇ ಒಳ್ಳೇದಾಯ್ತು ಮಾರಾಯ. ಇಲ್ಲದಿದ್ರೆ ಇದು ಟ್ಯಾಂಕ್ ಕೆಳಗೆ ಒಲೆ ಹಚ್ತಿತ್ತು."

ಫ್ಯೂಸ್ ಬಗ್ಗೆ ನನಗಿದ್ದ ತಪ್ಪು ತಿಳುವಳಿಕೆ ಹೋಗಿದ್ದು ಅವತ್ತು. ಫೋನ್ ಸುಡದಿರಲಿ ಅಂತ ಫ್ಯೂಸ್ ಹಾಕುತ್ತಾರೆ ಎಂದುಕೊಂಡಿದ್ದೆ. ಅಲ್ಲ. ಫ್ಯೂಸ್ ಇರುವುದು ವೈರ್ ಕಾಯಲು. ಬೈಕಿನ ಬ್ಯಾಟರಿ ನೋಡಲು ಪುಟ್ಟದು, ಆದರೆ ಪ್ಲಸ್ ನೇರವಾಗಿ ಬಾಡಿಗೆ ತಾಗಿದರೆ ಒಂದೇ ಏಟಿಗೆ ನೂರಕ್ಕೂ ಜಾಸ್ತಿ ಆಂಪ್ಸ್ ಹರಿಸಬಲ್ಲದು. ಅಷ್ಟು ಹರಿದರೆ ತೆಳು ವೈರು ಹೀಟರಿನ ಕಾಯಿಲ್ ಆಗುತ್ತದೆ. ಮೇಲೆ ಹದಿನೈದು ಲೀಟರಿನ ಹತ್ತಿರ ಪೆಟ್ರೋಲು. ಅದಕ್ಕೇ ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನ ಒಳಗೇ ಇರಬೇಕು. ಸಾಕೆಟ್ ಹತ್ತಿರ ಇಟ್ಟರೆ ನಡುವಿನ ಉದ್ದಕ್ಕೂ ವೈರ್‌ಗೆ ಕಾವಲು ಇಲ್ಲ.

ಆಮೇಲೆ ರಿಲೇ. ಇದನ್ನು ಅವರು ವಿವರಿಸಿದ ರೀತಿ ನನಗೆ ತುಂಬಾ ಇಷ್ಟವಾಯಿತು. "ನಿಮ್ಮ ತೋಟದಲ್ಲಿ ಸ್ಪ್ರಿಂಕ್ಲರ್ ಪಂಪಿಗೆ ಸ್ಟಾರ್ಟರ್ ಇಲ್ವಾ? ಹಸಿರು ಬಟನ್ ಒತ್ತೋಕೆ ಒಂದು ಬೆರಳು ಸಾಕು. ಆದರೆ ಆ ಬಟನ್ನಿನಲ್ಲಿ ಮೋಟರಿನ ಕರೆಂಟ್ ಹೋಗೋದಿಲ್ಲ. ಅದು ಒಳಗಿರೋ ದೊಡ್ಡ ಸ್ವಿಚ್ಚಿಗೆ ಹೇಳುತ್ತೆ, ಅದು ಎಳ್ಕೊಳುತ್ತೆ. ಇದೂ ಅದೇ." ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷಗಳಲ್ಲಿ ಫೆಬ್ರವರಿ ಮಾರ್ಚಿನಲ್ಲಿ ಆ ಸ್ಟಾರ್ಟರ್ ಒತ್ತಿ ಒತ್ತಿ ಬೆರಳು ಸವೆಸಿದವನು ನಾನು. ತಕ್ಷಣ ಅರ್ಥವಾಯಿತು.

ಅಂದರೆ ಹೀಗೆ. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಕಾಲಿಗೆ. 87ರಿಂದ ಸಾಕೆಟ್‌ಗೆ. 85 ಅರ್ತ್‌ಗೆ. 86ಕ್ಕೆ, ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಒಂದು ವೈರ್‌ನಿಂದ ಸಣ್ಣ ಟ್ಯಾಪ್. ನನ್ನ ಗಾಡಿಯಲ್ಲಿ ಹಿಂದಿನ ಬ್ರೇಕ್ ಸ್ವಿಚ್‌ಗೆ ಬರುವ ವೈರು ಸಿಕ್ಕಿತು. ಅಣ್ಣ ಟೆಸ್ಟ್ ಲ್ಯಾಂಪ್ ಹಿಡಿದು, ಕೀ ಹಾಕಿ ತೆಗೆದು ಮೂರು ಸಲ ನೋಡಿದರು. ಈ ಟ್ಯಾಪ್‌ನಿಂದ ಹೋಗುವುದು ರಿಲೇಯನ್ನು ಎಳೆಯುವಷ್ಟು ಚೂರು ಕರೆಂಟ್ ಮಾತ್ರ. ಗಾಡಿಯ ಹಳೇ ಕೀ ಸೆಟ್ಟಿಗೂ ಹಳೇ ವೈರಿಂಗ್ ಕಿಟ್ಟಿಗೂ ಭಾರ ಬೀಳುವುದಿಲ್ಲ. ಕೀ ತೆಗೆದರೆ ಸಾಕೆಟ್ ಸತ್ತ ಹಾಗೆ. ನೀಲಿ ಮೀಟರೂ ಸತ್ತ ಹಾಗೆ.

ಅರ್ತ್‌ಗೆ ಫ್ರೇಮಿನ ಬೋಲ್ಟ್ ಬೇಡ ಎಂದರು. ಪೇಂಟು, ತುಕ್ಕು, ಕೆಸರು. ಮೈನಸ್ ವೈರನ್ನೂ ನೇರ ಬ್ಯಾಟರಿಗೇ ತಂದರು. ವೈರ್ ತುದಿಗಳಿಗೆ ಥಿಂಬಲ್ ಅನ್ನುವ ಲೋಹದ ಟೋಪಿ ಹಾಕಿ ಒತ್ತಿದರು. ಬೆಸುಗೆ ಹಾಕಿದರೆ ಇನ್ನೂ ಗಟ್ಟಿ ಅಲ್ವಾ ಅಂತ ಕೇಳಿದೆ. ಬೆಸುಗೆ ಕುಡಿದ ವೈರು ಕಡ್ಡಿಯ ಹಾಗೆ ಗಡಸಾಗುತ್ತದೆ, ಸಿಂಗಲ್ ಸಿಲಿಂಡರಿನ ನಡುಕಕ್ಕೆ ಆ ಗಡಸು ಮುಗಿಯುವ ಜಾಗದಲ್ಲೇ ಮುರಿಯುತ್ತದೆ ಎಂದರು. ಒತ್ತಿದ್ದು ಬಾಗುತ್ತದೆ, ಮುರಿಯುವುದಿಲ್ಲ.

ಮಳೆಯ ಬಗ್ಗೆ ಮಾತ್ರ ನಾವಿಬ್ಬರೂ ಜಾಸ್ತಿ ಹೊತ್ತು ಕಳೆದೆವು. ಸಾಕೆಟ್ ಡಬ್ಬದ ಮೇಲೆ 'ವಾಟರ್‌ಪ್ರೂಫ್' ಎಂದು ಬರೆದಿರುತ್ತದೆ. ಬರೆದವರು ಕೊಡಗಿನ ಜುಲೈ ನೋಡಿರುವುದಿಲ್ಲ. ರಬ್ಬರ್ ಮುಚ್ಚಳ ಹಾಕಿದ್ದಾಗ ಸರಿ. ಕೇಬಲ್ ಚುಚ್ಚಿದಾಗ ಮುಚ್ಚಳ ತೆಗೆದೇ ಇರಬೇಕಲ್ಲ, ಆಗ ಯಾವ ಪ್ರೂಫೂ ಇಲ್ಲ. ಅದಕ್ಕೆ ಬಾಯಿ ಕೆಳಗೆ ಬರುವ ಹಾಗೆ, ಹ್ಯಾಂಡಲ್‌ನ ಅಡಿಯಲ್ಲಿ ಕಟ್ಟಿದೆವು. ಹಿಂದಿನಿಂದ ಬರುವ ವೈರು ಸಾಕೆಟ್ ಮುಟ್ಟುವ ಮೊದಲು ಕೆಳಗೆ ಒಂದು ಜೋಲಿ ಹೊಡೆದು ಮೇಲೆ ಹೋಗುತ್ತದೆ. ವೈರ್ ಹಿಡಿದು ಇಳಿದ ನೀರು ಆ ಜೋಲಿಯ ತಳದಿಂದ ತೊಟ್ಟಿಕ್ಕುತ್ತದೆ, ನಮ್ಮ ಹಂಚಿನ ಅಂಚಿನಿಂದ ಬೀಳುವ ಹಾಗೆ.

ಹಳೇ ಸಾಕೆಟ್ ಬಿಚ್ಚಿದಾಗ ಒಳಗಿನ ಪಿನ್‌ಗಳು ಹಸಿರು ಬಣ್ಣಕ್ಕೆ ತಿರುಗಿದ್ದವು. ಮೂರೇ ತಿಂಗಳು! ತೇವ ಇರುವ ಜಾಗದಲ್ಲಿ ಕರೆಂಟೂ ಇದ್ದರೆ ಲೋಹ ಬೇಗ ತಿಂದುಹೋಗುತ್ತದೆ. ಸುಮ್ನೆ ಒದ್ದೆಯಾಗಿ ಒಣಗುವ ಲೋಹಕ್ಕಿಂತ, ಐದು ವೋಲ್ಟ್ ಹೊತ್ತುಕೊಂಡು ಒದ್ದೆಯಾಗಿರುವ ಲೋಹದ ಗತಿ ಬಹಳ ಕೆಟ್ಟದ್ದು. ಹಗಲೂ ರಾತ್ರಿ ಬ್ಯಾಟರಿಗೆ ಡೈರೆಕ್ಟ್ ಕೊಟ್ಟಿದ್ದರ ಇನ್ನೊಂದು ಫಲ ಅದು. ರಿಲೇ ಹಾಕಿದ ಮೇಲೆ ಗಾಡಿ ನಿಂತಾಗ ಪಿನ್‌ಗಳಲ್ಲಿ ಕರೆಂಟ್ ಇರುವುದಿಲ್ಲ. ಈಗಿನ ಸಾಕೆಟ್ ಎಷ್ಟೋ ಮಳೆಗಾಲ ಕಂಡಿದೆ, ಪಿನ್ ಇನ್ನೂ ಹೊಳೆಯುತ್ತದೆ.

ಮನೆಗೆ ಬಂದ ಮೇಲೆ ಕಾಫಿ ಹಿಡಿದು ಕೂತು ಜಿಗಣೆಯ ಲೆಕ್ಕ ಹಾಕಿದೆ. ಮೀಟರಿನ ಹಸಿವು ಮಲ್ಟಿಮೀಟರಿನಲ್ಲಿ ನೋಡಿದರೆ 20 ಮಿಲಿ ಆಂಪ್. ಏನೂ ಅಲ್ಲ ಅನ್ನಿಸುವ ಅಂಕಿ. ದಿನಕ್ಕೆ 24 ಗಂಟೆ ಅಂದರೆ 480 ಮಿಲಿ ಆಂಪ್ ಅವರ್. ಹದಿನೆಂಟು ದಿನಕ್ಕೆ 8.64 ಆಂಪ್ ಅವರ್. ನನ್ನ ಬ್ಯಾಟರಿ 12 ವೋಲ್ಟ್ 14 ಆಂಪ್ ಅವರ್, ಅದೂ ಹೊಸದಾಗಿದ್ದಾಗ. ನನ್ನದಕ್ಕೆ ಮೂರು ವರ್ಷ ವಯಸ್ಸಾಗಿತ್ತು. ಇನ್ನೇನು ಉಳಿಯುತ್ತದೆ?

ಹಾಗೇ ಇನ್ನೊಂದು ಲೆಕ್ಕವೂ ಆಯಿತು. ಓಡುವಾಗ ಗಾಡಿ ಎಷ್ಟು ಕೊಡಬಲ್ಲದು? ಇದಕ್ಕೆ ಪುಸ್ತಕ ನೋಡುವ ಬದಲು ಮೀಟರ್ ನೋಡಿದೆ. ಎಂಜಿನ್ ಆಫ್ ಇದ್ದಾಗ 12.6. ಸ್ಟಾರ್ಟ್ ಮಾಡಿ ನಿಂತಲ್ಲೇ ಬಿಟ್ಟರೆ 13.4. ಹೆಡ್‌ಲೈಟ್ ಹಾಕಿದರೆ 12.9. ಫೋನನ್ನೂ ಚುಚ್ಚಿದರೆ 12.7ಕ್ಕೆ ಬಂದು ತೂಗಾಡುತ್ತದೆ. ಅಂದರೆ ಬಂದಿದ್ದೆಲ್ಲ ಖರ್ಚು, ಬ್ಯಾಟರಿಗೆ ಹೆಚ್ಚೇನೂ ಸಿಗುತ್ತಿಲ್ಲ. ಟಾಪ್ ಗೇರಿನಲ್ಲಿ ಐವತ್ತರಲ್ಲಿ ಹೋಗುವಾಗ ಎಲ್ಲವನ್ನೂ ಹಾಕಿಕೊಂಡೂ 14.1. ಆಗ ನಿರಾಳ. ಘಾಟಿಯಲ್ಲಿ ಲಾರಿ ಹಿಂದೆ ಎರಡನೇ ಗೇರಿನಲ್ಲಿ ತೆವಳುವಾಗ ಮತ್ತೆ 13ರ ಆಸುಪಾಸು. ಅಪ್ಪನ ಯೆಜ್ಡಿಯ ಬೆಳಕು ಈಗ ಅಂಕಿಯಾಗಿ ಕಾಣುತ್ತಿದೆ ಅನ್ನಿಸಿತು. ಏರುವುದು, ಇಳಿಯುವುದು ಎಲ್ಲ ಅದೇ.

ಹೆಡ್‌ಲೈಟ್ 55 ವ್ಯಾಟ್ ತಿನ್ನುತ್ತದೆ. 18 ವ್ಯಾಟಿನ ಫಾಸ್ಟ್ ಚಾರ್ಜರ್ ಒಳಗಿನ ನಷ್ಟ ಸೇರಿ 20ರ ಆಸುಪಾಸು, ಅಂದರೆ ಬ್ಯಾಟರಿಯಿಂದ ಸುಮಾರು 1.7 ಆಂಪ್. ಹೊಸ ಗಾಡಿಗಳಲ್ಲಿ 2017ರ ಏಪ್ರಿಲ್‌ನಿಂದ ಹೆಡ್‌ಲೈಟ್ ಆರಿಸಲು ಸ್ವಿಚ್ಚೇ ಇಲ್ಲ. ನನ್ನದರಲ್ಲಿ ಇದೆ. ಹಳೇ ಗಾಡಿಗೆ ಇರುವ ಒಂದೇ ಒಂದು ಅನುಕೂಲ ಅದು. ಆದರೂ ಮಂಜಿನಲ್ಲಿ ಅದನ್ನು ಆರಿಸಿ ಫೋನ್ ಚಾರ್ಜ್ ಮಾಡುವಷ್ಟು ಬುದ್ಧಿ ಕೆಟ್ಟಿಲ್ಲ. ಒಬ್ಬ ಗೆಳೆಯ ತನ್ನ ಗಾಡಿಗೆ ನಾಲ್ಕು ಫಾಗ್ ಲ್ಯಾಂಪು, ಎರಡು ಸಾಕೆಟ್ಟು, ಬಣ್ಣದ ಎಲ್‌ಇಡಿ ಪಟ್ಟಿ ಎಲ್ಲ ಕಟ್ಟಿದ್ದಾನೆ. ಮಡಿಕೇರಿ ದಸರಾದಲ್ಲಿ ದೀಪ ಹೊತ್ತ ಹತ್ತು ಮಂಟಪ ಹೊರಡುತ್ತವಲ್ಲ, ಇದು ಹನ್ನೊಂದನೇ ಮಂಟಪ ಅಂತ ತಮಾಷೆ ಮಾಡುತ್ತೇವೆ. ಮಂಟಪದ ಹಿಂದೆ ಜನರೇಟರ್ ಇರುತ್ತದೆ. ಅವನ ಹಿಂದೆ ತಳ್ಳಲು ನಾವು ಇರುತ್ತೇವೆ.

ಹ್ಯಾಂಡಲ್ ಸಾಕೆಟ್ ಹೀಗೆ ಮುಗಿಯಿತು. ಆದರೆ ನನ್ನ ಮುಖ ನೋಡಿ ಅಣ್ಣನಿಗೆ ಏನೋ ಬಾಕಿ ಇದೆ ಅನ್ನಿಸಿತೇನೋ. "ಏನು?" ಎಂದರು. ಕೀ ಇಲ್ಲದೆಯೂ ಕರೆಂಟ್ ಸಿಗುವ ಹಾಗೆ ಒಂದು ಬೇಕಿತ್ತು ಎಂದೆ. 2018ರ ಕತೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಡಬ್ಬದಿಂದ ಒಂದು ಮೊಳ ದಪ್ಪ ವೈರು ತೆಗೆದರು. ತುದಿಯಲ್ಲಿ ಎರಡು ಪಿನ್ನಿನ ಚಪ್ಪಟೆ ಕಪ್ಲರ್. ಒಂದು ಪಿನ್ ಬೆತ್ತಲೆ, ಇನ್ನೊಂದು ರಬ್ಬರಿನ ಒಳಗೆ ಅಡಗಿರುತ್ತದೆ. ಬ್ಯಾಟರಿ ಕಡೆಯದರಲ್ಲಿ ಅಡಗಿದ್ದು ಪ್ಲಸ್ ಆಗಿರಲೇಬೇಕು. ಬೆತ್ತಲೆ ಇರುವುದು ಮೈನಸ್, ಅದು ಬಾಡಿಗೆ ತಾಗಿದರೂ ಏನೂ ಆಗುವುದಿಲ್ಲ. ನಡುವೆ 15 ಆಂಪ್ ಫ್ಯೂಸ್. ಬ್ಯಾಟರಿಗೆ ನೇರ ಕಟ್ಟಿ, ಬಾಯನ್ನು ಸೀಟಿನ ಕೆಳಗಿನಿಂದ ಸೈಡ್ ಪ್ಯಾನಲ್ ಹಿಂದೆ ಇಟ್ಟು, ಮುಚ್ಚಳ ಹಾಕಿದರು.

"ಇದಕ್ಕೆ ಏನೂ ಚುಚ್ಚದೆ ಇದ್ರೆ ಏನೂ ಕುಡಿಯೋದಿಲ್ಲ. ಬೇಕಾದಾಗ ಯುಎಸ್‌ಬಿ ಮೂತಿ ಹಾಕು, ಕೆಲಸ ಆದ್ಮೇಲೆ ಕಿತ್ತಿಡು. ದೀಪ ಇಲ್ಲ, ಮೀಟರ್ ಇಲ್ಲ."

ಇಷ್ಟು ಸರಳ ಉಪಾಯ. ನನಗೆ ಬೇಕಿದ್ದದ್ದು ಎರಡು ಬೇರೆ ಬೇರೆ ಸಾಮಾನು, ಅದನ್ನು ಒಂದೇ ಸಾಕೆಟ್ಟಿನಲ್ಲಿ ಕೇಳಿ ಕೆಡಿಸಿಕೊಂಡಿದ್ದೆ. ದಾರಿಯಲ್ಲಿ ಬೇಕಾದದ್ದು ಕೀ ಜೊತೆ ಏಳಬೇಕು, ಕೀ ಜೊತೆ ಮಲಗಬೇಕು. ಆಪತ್ತಿಗೆ ಬೇಕಾದದ್ದು ಸದಾ ಸಿದ್ಧ ಇರಬೇಕು, ಆದರೆ ಕೇಳುವವರೆಗೆ ಏನೂ ತಿನ್ನಬಾರದು.

ಆ ಕಪ್ಲರಿನ ಉಪಯೋಗ ಆಮೇಲೆ ಹಿಗ್ಗುತ್ತಾ ಹೋಯಿತು. ಪಂಕ್ಚರ್ ಆದಾಗ ಗಾಳಿ ತುಂಬುವ ಪುಟ್ಟ ಪಂಪು ಹತ್ತು ಆಂಪ್ ಹತ್ತಿರ ಎಳೆಯುತ್ತದೆ. ಹ್ಯಾಂಡಲ್ ಸಾಕೆಟ್ಟಿನ 5 ಆಂಪ್ ಫ್ಯೂಸ್ ಅದಕ್ಕೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇದರಲ್ಲಿ ಆರಾಮ. ತಿತಿಮತಿ ದಾಟಿ ಆನೆಚೌಕೂರಿನ ಕಾಡಿನ ನಡುವೆ ಒಮ್ಮೆ ಹಿಂದಿನ ಟೈರ್ ಕೂತಾಗ ಈ ಪಂಪಿಗೆ ಕೈ ಮುಗಿದಿದ್ದೇನೆ. ಆನೆ ಲದ್ದಿ ಇನ್ನೂ ಹಸಿಯಾಗಿತ್ತು, ಅಷ್ಟೇ ಹೇಳುತ್ತೇನೆ.

ಇನ್ನೂ ಒಂದು ಇದೆ. ಈ ಬಾಯಿಯಿಂದ ಕೊಡಬಹುದು, ಇದೇ ಬಾಯಿಗೆ ತಿನ್ನಿಸಲೂಬಹುದು. ಬ್ಯಾಟರಿ ಚಾರ್ಜರಿಗೆ ಅದೇ ನಮೂನೆಯ ಕಪ್ಲರ್ ಹಾಕಿಸಿದ್ದೇನೆ. ಮಳೆಗಾಲದಲ್ಲಿ ಗಾಡಿ ನಿಂತೇ ಇದ್ದಾಗ ಹದಿನೈದು ದಿನಕ್ಕೊಮ್ಮೆ, ಕರೆಂಟ್ ಇರುವ ರಾತ್ರಿ ನೋಡಿ ಚುಚ್ಚಿ ಬಿಡುತ್ತೇನೆ. ಸೀಟ್ ಬಿಚ್ಚುವ ಕೆಲಸವಿಲ್ಲ. ಕೊಟ್ಟಿಗೆಯಲ್ಲಿ ಹಸುವಿಗೆ ರಾತ್ರಿ ಒಂದು ಹಿಡಿ ಹುಲ್ಲು ಹಾಕಿ ಬಂದ ಹಾಗೆ.

ಖರ್ಚು ಕೇಳುವವರಿಗೆ ಹೇಳಿಬಿಡುತ್ತೇನೆ. ಸಾಕೆಟ್, ರಿಲೇ, ಎರಡು ಫ್ಯೂಸ್ ಹೋಲ್ಡರ್, ವೈರು, ಕಪ್ಲರ್, ಕೂಲಿ ಎಲ್ಲ ಸೇರಿ ಎರಡು ಸಾವಿರದ ಒಳಗೆ ಮುಗಿಯಿತು. ಸತ್ತ ಬ್ಯಾಟರಿ ಬದಲಿಸಿದ್ದು ಬೇರೆ. ಅದನ್ನು ಇಲ್ಲಿ ಬರೆಯಲು ಮನಸ್ಸಿಲ್ಲ.

ಒಂದು ವಿಚಿತ್ರ ಏನೆಂದರೆ, ಇಷ್ಟೆಲ್ಲ ಮಾಡಿದ ಮೇಲೆ ಫೋನನ್ನು ಹ್ಯಾಂಡಲ್‌ಗೆ ಕಟ್ಟುವುದನ್ನೇ ಬಿಟ್ಟೆ. 2021ರಲ್ಲಿ ಆಪಲ್ ಕಂಪನಿಯೇ ಒಂದು ಎಚ್ಚರಿಕೆ ಕೊಟ್ಟಿತು. ದೊಡ್ಡ ಎಂಜಿನ್ ಬೈಕುಗಳ ನಡುಕ ನೇರ ಫೋನಿಗೆ ಹೋದರೆ, ಕ್ಯಾಮೆರಾ ಅಲುಗಾಡದಂತೆ ಹಿಡಿಯುವ ಒಳಗಿನ ಭಾಗ ಹಾಳಾಗಬಹುದು ಅಂತ. ನನ್ನ ಗಾಡಿಯ ನಡುಕ ಬೇರೆ ಲೆವೆಲ್ಲಿನದು, ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡಾಗಿ ಕಾಣುತ್ತದೆ. ಮಳೆ ಇದ್ದರೆ ಇನ್ನೊಂದು ಪಜೀತಿ. ಚಾರ್ಜಿಂಗ್ ಬಾಯಿಯಲ್ಲಿ ಚೂರು ತೇವ ಕಂಡರೂ ಈಗಿನ ಫೋನ್‌ಗಳು ಒಣಗುವ ತನಕ ಚಾರ್ಜೇ ತೆಗೆದುಕೊಳ್ಳುವುದಿಲ್ಲ. ಅವು ಮಾಡುವುದು ಸರಿಯೇ. ಹಾಗಾಗಿ ಈಗ ಫೋನ್ ಟ್ಯಾಂಕ್ ಬ್ಯಾಗಿನ ಒಳಗೆ, ಬಟ್ಟೆಯಲ್ಲಿ ಸುತ್ತಿಕೊಂಡು, ಗಿಡ್ಡ ಕೇಬಲಿನಲ್ಲಿ ಹಾಲು ಕುಡಿಯುತ್ತಾ ಮಲಗಿರುತ್ತದೆ. ದಾರಿ ಗೊತ್ತಿಲ್ಲದ ಕಡೆ ಪೆಟ್ಟಿಗೆ ಅಂಗಡಿ ಹತ್ತಿರ ನಿಲ್ಲಿಸಿ ಕೇಳುತ್ತೇನೆ. ಚಹಾವೂ ಆಗುತ್ತದೆ.

ಹೋದ ಮಳೆಗಾಲದಲ್ಲಿ ಮರ ಬಿದ್ದು ನಮ್ಮ ಲೈನಿಗೆ ನಾಲ್ಕು ದಿನ ಕರೆಂಟ್ ಇರಲಿಲ್ಲ. ಎರಡನೇ ದಿನ ಸಂಜೆಯಿಂದ ಫೋನ್‌ಗಳು ಬರಲು ಶುರುವಾದವು. ಈ ಸಲ ನನ್ನ ಹತ್ತಿರ ಲೆಕ್ಕ ಇತ್ತು. ಒಂದು ಫೋನ್ ಪೂರ್ತಿ ತುಂಬಲು ಸುಮಾರು 15 ವ್ಯಾಟ್ ಅವರ್ ಬೇಕು, ನಷ್ಟ ಸೇರಿಸಿದರೆ 18. ತುಂಬಿದ ಬ್ಯಾಟರಿಯಲ್ಲಿ 168 ಇರುತ್ತದೆ, ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಅಂದರೆ ನಾಲ್ಕು ಫೋನ್, ಆಮೇಲೆ ಗಾಡಿಯನ್ನು ಒಂದು ಸುತ್ತು ಓಡಿಸಿ ತರಬೇಕು. ನಿಂತಲ್ಲೇ ಎಂಜಿನ್ ಓಡಿಸಿದರೆ ಪೆಟ್ರೋಲ್ ದಂಡ, ಶೆಡ್ಡಿನಲ್ಲಿ ಹೊಗೆ. ಅದಕ್ಕೆ ಒಂದು ನಿಯಮ ಮಾಡಿದೆ. ಒಂದೊಂದು ಫೋನಿಗೆ ಅರ್ಧ ಗಂಟೆ. ನಡುವೆ ಎಲ್ಲ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಕೀ ತಿರುಗಿಸಿ ಮೀಟರ್ ನೋಡುವುದು. 12.2 ಬಂದರೆ ಬಂದ್. ಶೆಡ್ಡಿನ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದೆ. ಮಕ್ಕಳು ಅದನ್ನು ಬಸ್ ಟೈಮಿನ ಹಾಗೆ ಓದಿ ಸಾಲು ನಿಂತರು.

ಮೂರನೇ ದಿನ ಪಕ್ಕದ ಮನೆಯ ಅದೇ ತಾಯಿ ಬಂದರು. ಸಣ್ಣ ಮಗ ಮಿಲಿಟರಿಯಲ್ಲಿದ್ದಾನೆ, ಗಡಿಯ ಕಡೆ. ಭಾನುವಾರ ಸಂಜೆ ಮಾತ್ರ ಫೋನ್ ಮಾಡುತ್ತಾನೆ. ಸೆರಗಿನ ತುದಿಯಿಂದ ಬಿಚ್ಚಿ ಫೋನ್ ಕೊಟ್ಟರು. ಮಗ ಕೊಡಿಸಿದ ಟಚ್ ಫೋನ್ ಅಲ್ಲ. ಅದು ಅವರಿಗೆ ಆಗಿಬರಲಿಲ್ಲವಂತೆ. ಹಳೇ ಬಟನ್ ಫೋನ್. ತಿರುಗಿಸಿ ನೋಡಿದೆ. ಸೂಜಿಯಂಥ ಸಣ್ಣ ಪಿನ್ನಿನ ಗುಂಡು ತೂತು.

ನನ್ನ ಹತ್ತಿರ ಸಿ ಟೈಪ್ ಇತ್ತು. ಅಗಲದ್ದು ಇತ್ತು. ಹಳೇ ಮೈಕ್ರೋ ಕೂಡ ಇತ್ತು. ಸಣ್ಣ ಪಿನ್ನಿನದು ಇರಲಿಲ್ಲ. ಕೇಬಲ್ ಡಬ್ಬ ನೆಲಕ್ಕೆ ಸುರಿದೆ. ಅಟ್ಟ ಹುಡುಕಿದೆ. ಅಮ್ಮನ ಹೊಲಿಗೆ ಪೆಟ್ಟಿಗೆಯನ್ನೂ ಬಿಡಲಿಲ್ಲ.

"ಇಲ್ಲದಿದ್ರೆ ಪರವಾಗಿಲ್ಲ ಬಿಡಪ್ಪ" ಎಂದರು ಅವರು, ಬಾಗಿಲ ಹತ್ತಿರ ಕೊಡೆ ಮಡಚಿಕೊಂಡು.

ಅವತ್ತು ಶನಿವಾರ. ಮೂರ್ನಾಡಿನಲ್ಲಿ ಮೊಬೈಲ್ ಅಂಗಡಿ ಎಂಟು ಗಂಟೆಯವರೆಗೆ ತೆರೆದಿರುತ್ತದೆ. ಅಲ್ಲಿ ಸಿಗದಿದ್ದರೆ ವಿರಾಜಪೇಟೆ. ಮಳೆ ಬಿಡುವ ಲಕ್ಷಣ ಇರಲಿಲ್ಲ. ರೈನ್‌ಕೋಟ್ ಹಾಕಿಕೊಂಡು ಟಾರ್ಪಾಲು ಎತ್ತಿದೆ, ಕೀ ತಿರುಗಿಸಿದೆ. ನ್ಯೂಟ್ರಲ್ ದೀಪ ಹಸಿರಾಗಿ ಹತ್ತಿತು. ಮೀಟರಿನಲ್ಲಿ 12.4.